ಸೋರುವ ಮಾಳಿಗೆಯ ಕೆಳಗೊಂದು ಗಿಟಾರು

ಹಾರ್ಮೋನಿಯಂ ಎಂಬ ಪೆಟ್ಟಿಗೆ ಇಂದು ಕೊಪ್ಪಳ ಸೀಮೆಯ ಭಜನಾ ಮೇಳಗಳಲ್ಲಿ ಮನೆಮಗನಂತೆ ಇದೆ. ಅದಿಲ್ಲದೆ ತತ್ವಪದವೇ ಏಳುವುದಿಲ್ಲ ಎನ್ನುವವರೂ ಉಂಟು. ಆದರೆ ಇದೇ ಪೆಟ್ಟಿಗೆಯನ್ನು ಭಾರತೀಯ ಸಂಗೀತಕ್ಕೆ ಸಲ್ಲದ ಪರದೇಶಿ ವಾದ್ಯವೆಂದು 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹೊರಗಿಟ್ಟಿತ್ತು. ಮೂರು ದಶಕಗಳ ನಂತರ, 1971ರಲ್ಲಿ, ಆ ನಿರ್ಬಂಧ ಸಡಿಲವಾಯಿತು. ಹೊರಗಿಟ್ಟವರ ಆಕ್ಷೇಪಣೆಯಲ್ಲಿ ಹುರುಳಿರಲಿಲ್ಲವೆಂದಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಂಟಲಿನ ನಯ ಹಾರ್ಮೋನಿಯಂನ ಗುಂಡಿಗಳಿಗೆ ಬರುವುದಿಲ್ಲ ಎಂಬುದು ಇಂದಿಗೂ ನಿಜ. ಸಂಶಯ ಸರಿಯಾಗಿತ್ತು, ಆದರೂ ಪೆಟ್ಟಿಗೆ ಗೆದ್ದಿತು!

ಈ ಪೀಠಿಕೆ ಯಾಕೆಂದರೆ, ತತ್ವಪದದ ಪಕ್ಕದಲ್ಲಿ ಇನ್ನೊಂದು ಪರದೇಶಿ ವಾದ್ಯ ಬಂದು ಕುಳಿತು ಈಗಾಗಲೇ ಹಲವು ವರ್ಷಗಳಾದವು. 2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಹೊರಬಂದಿತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಅದರಲ್ಲಿ ಎರಡು ಕನ್ನಡದ ಹಾಡುಗಳಿದ್ದವು. ಎರಡೂ ಶಿಶುನಾಳ ಶರೀಫರವು: ‘ಸೋರುತಿಹುದು ಮನಿಯ ಮಾಳಿಗಿ’ ಮತ್ತು ‘ಗುಡುಗುಡಿಯ ಸೇದಿ ನೋಡೋ’. ಏಕತಾರಿಯ ಜಾಗದಲ್ಲಿ ಗಿಟಾರು, ದಮಡಿಯ ಜಾಗದಲ್ಲಿ ಡ್ರಮ್ಸು. ಅಂದಿನಿಂದ ಇಂದಿನವರೆಗೆ ಕಾಲೇಜು ಹುಡುಗರು ಇದನ್ನು ಮೆಚ್ಚಿ ಕೇಳುತ್ತಾರೆ. ಭಜನೆ ಕೇಳಿ ಬೆಳೆದ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಒಂದೇ ಮನೆಯ ಪಡಸಾಲೆಯಲ್ಲಿ ಮಗ ‘ಎಷ್ಟು ಚೆಂದ ಐತಿ ನೋಡಪ್ಪ’ ಎನ್ನುವುದು, ತಂದೆ ‘ಆ ಪದದ ಜೀವಾನೇ ತೆಗೆದ್ರು’ ಎನ್ನುವುದು ಕುಷ್ಟಗಿ, ಯಲಬುರ್ಗಾಗಳಲ್ಲಿ ಅಪರೂಪವೇನೂ ಅಲ್ಲ.

ಇಬ್ಬರಲ್ಲಿ ಯಾರು ಸರಿ? ರುಚಿಯ ಪ್ರಶ್ನೆಗೆ ಉತ್ತರವಿಲ್ಲ ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ತಂದೆಯ ಸಂಶಯವನ್ನು ಸ್ವಲ್ಪ ಗಂಭೀರವಾಗಿ ತೆಗೆದುಕೊಂಡು, ಅದನ್ನು ಪರೀಕ್ಷೆಗೆ ಒಡ್ಡಬಹುದಾದ ರೂಪಕ್ಕೆ ತಂದರೆ ಹೇಗೆ? ಪ್ರಯೋಗಶಾಲೆಯಲ್ಲಿ ಮಾಡುವುದೂ ಅದನ್ನೇ ಅಲ್ಲವೆ?

ಮೊದಲು ಹಾಡುಗಾರರ ವಿಷಯ. ರಘು ದೀಕ್ಷಿತ್ ಮೈಸೂರಿನಲ್ಲಿ ಬೆಳೆದವರು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ, ಅದರಲ್ಲಿ ಚಿನ್ನದ ಪದಕ. ಜೊತೆಗೆ ಭರತನಾಟ್ಯದ ಕ್ರಮಬದ್ಧ ಶಿಕ್ಷಣ. ಗಂಡುಹುಡುಗ ಭರತನಾಟ್ಯ ಆಡುವುದನ್ನು ಕಂಡು ಗೆಳೆಯನೊಬ್ಬ ಕೆಣಕಿದಾಗ ಹಟಕ್ಕೆ ಬಿದ್ದು ಗಿಟಾರು ಕಲಿತದ್ದಾಗಿ ಅವರೇ ಅನೇಕ ಕಡೆ ಹೇಳಿಕೊಂಡಿದ್ದಾರೆ. ಬೆಲ್ಜಿಯಂನಲ್ಲಿ ಔಷಧ ಕಂಪನಿಯೊಂದರಲ್ಲಿ ಕೆಲಸ ಮಾಡಿ, ಮರಳಿ ಬಂದು ಸಂಗೀತಕ್ಕೇ ನಿಂತರು. ಮುಂದೆ ನಿಂತು ಹಾಡುತ್ತಿದ್ದ ತಂಡದ ಹೆಸರು ‘ಅಂತರಾಗ್ನಿ’. ಅದು ಚೆದುರಿದ ಮೇಲೆ ತಮ್ಮ ಹೆಸರಿನಲ್ಲೇ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಕಟ್ಟಿದರು. ಹಲವು ವರ್ಷ ಧ್ವನಿಮುದ್ರಣ ಕಂಪನಿಗಳು ಅವರನ್ನು ಒಪ್ಪಲಿಲ್ಲ. ಕೊನೆಗೆ ಚಿತ್ರಸಂಗೀತದ ವಿಶಾಲ್–ಶೇಖರ್ ಜೋಡಿ ತಮ್ಮ ಸ್ವಂತ ಸಂಸ್ಥೆಯಿಂದ ಆಲ್ಬಂ ಹೊರತಂದಿತು. ಈ ಜೋಡಿಯ ವಿಶಾಲ್ ದಾದ್ಲಾನಿ ಸ್ವತಃ ‘ಪೆಂಟಾಗ್ರಾಂ’ ಎಂಬ ರಾಕ್ ತಂಡದ ಮುಂದಾಳು ಗಾಯಕರು ಎಂಬುದನ್ನು ಗಮನಿಸಬೇಕು.

ಇಲ್ಲಿ ಪಾಲಕರು ಬೆಚ್ಚುವುದೂ ವಿದ್ಯಾರ್ಥಿಗಳು ಉಬ್ಬುವುದೂ ಸಹಜ. ಚಿನ್ನದ ಪದಕ ಪಡೆದವರು ಕೆಲಸ ಬಿಟ್ಟು ಗಿಟಾರು ಹಿಡಿದು ಗೆದ್ದರಲ್ಲ! ಆದರೆ ಲೆಕ್ಕ ಬಲ್ಲವರು ಒಂದು ಮಾತು ಕೇಳಿಯಾರು: ಕೆಲಸ ಬಿಟ್ಟು ಗಿಟಾರು ಹಿಡಿದು ಸೋತವರ ಆಲ್ಬಂ ಎಲ್ಲಿ? ಅದು ಬರಲೇ ಇಲ್ಲ, ಆದ್ದರಿಂದ ಅವರ ಹೆಸರು ಯಾರಿಗೂ ಗೊತ್ತಿಲ್ಲ. ಗೆದ್ದವರನ್ನಷ್ಟೇ ಎಣಿಸಿದರೆ ಯಾವ ದಾರಿಯೂ ಹೆದ್ದಾರಿಯಂತೆಯೇ ಕಾಣುತ್ತದೆ. ಇನ್ನೊಂದು ಅಂಕಿಯೂ ಇದೆ. 1974ರಲ್ಲಿ ಹುಟ್ಟಿದ ದೀಕ್ಷಿತ್ ಅವರ ಮೊದಲ ಆಲ್ಬಂ ಬಂದಾಗ ಅವರಿಗೆ ಮೂವತ್ತಮೂರು ದಾಟಿತ್ತು. ಪದವಿಯನ್ನು ಅರ್ಧಕ್ಕೆ ಬಿಟ್ಟವರ ಕಥೆ ಇದಲ್ಲ. ಇಷ್ಟು ಹೇಳಿ ಈ ವಿಷಯವನ್ನು ಬಿಡುವುದು ಒಳ್ಳೆಯದು. ಯಾಕೆಂದರೆ ಆಲ್ಬಂನ ಗುಣ ಹಾಡುಗಾರರ ಪದವಿಯಿಂದ ತೀರ್ಮಾನವಾಗುವುದಿಲ್ಲ.

ತಂಡದ ಮುಂದಾಳು ಒಂಟಿಯಾಗಿ ಆಲ್ಬಂ ಮಾಡಿದಾಗ ಜಗತ್ತಿನ ಎಲ್ಲ ಕಡೆ ಸಂಶಯ ಏಳುತ್ತದೆ. 1985ರಲ್ಲಿ ಇಂಗ್ಲೆಂಡಿನ ಎರಡು ಪ್ರಸಿದ್ಧ ತಂಡಗಳ ಗಾಯಕರು, ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿ ಮತ್ತು ರೋಲಿಂಗ್ ಸ್ಟೋನ್ಸ್ ತಂಡದ ಮಿಕ್ ಜ್ಯಾಗರ್, ಒಂದೇ ವರ್ಷ ತಂತಮ್ಮ ಒಂಟಿ ಆಲ್ಬಂ ತಂದರು. ತಂಡವಿಲ್ಲದೆ ಈ ದನಿ ನಿಲ್ಲುತ್ತದೆಯೆ ಎಂಬುದು ಅಲ್ಲಿನವರ ಪ್ರಶ್ನೆ. (ಮರ್ಕ್ಯುರಿ ಬಾಲ್ಯದಲ್ಲಿ ಓದಿದ್ದು ಮಹಾರಾಷ್ಟ್ರದ ಪಂಚಗಣಿಯ ಶಾಲೆಯಲ್ಲಿ ಎಂಬುದು ಬಹಳ ಮಂದಿಗೆ ತಿಳಿಯದು.) ಕೊಪ್ಪಳದ ಕೇಳುಗನ ಪ್ರಶ್ನೆ ಬೇರೆ. ಅವನಿಗೆ ಗಿಟಾರು ನುಡಿಸಿದವರು ಎಷ್ಟು ಮಂದಿ ಎಂಬುದು ಬೇಕಿಲ್ಲ. ಶರೀಫಜ್ಜ ಇದ್ದಾನೋ ಇಲ್ಲವೋ ಎಂಬುದಷ್ಟೇ ಬೇಕು.

‘ಮೂಲ ಹಾಗಿರಲಿಲ್ಲ’ ಎಂಬುದು ಅವನ ಮೊದಲ ದೂರು. ಮೂಲ ಹೇಗಿತ್ತು? ಶರೀಫರ ಕಾಲ 1819ರಿಂದ 1889. ಎಡಿಸನ್ ಫೋನೋಗ್ರಾಫ್ ಕಂಡುಹಿಡಿದದ್ದು 1877ರಲ್ಲಿ. ಗ್ರಾಮಫೋನ್ ಕಂಪನಿಯವರು ಕಲಕತ್ತೆಗೆ ಬಂದು ಭಾರತದಲ್ಲಿ ಧ್ವನಿಮುದ್ರಣ ಶುರುಮಾಡಿದ್ದು 1902ರಲ್ಲಿ. ಅಂದರೆ ಶರೀಫರು ತೀರಿಕೊಂಡ ಹದಿಮೂರು ವರ್ಷಗಳ ನಂತರ. ಅವರ ದನಿಯಾಗಲಿ, ಅವರು ಹಾಡಿದ ಧಾಟಿಯಾಗಲಿ ಯಾವ ತಟ್ಟೆಯ ಮೇಲೂ ಇಲ್ಲ. ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕನ ಮಾತು ಎರಡು ಸಾವಿರ ವರ್ಷ ದಾಟಿ ಉಳಿದಿದೆ. ಶಿಶುನಾಳದಲ್ಲಿ ನೂರಮೂವತ್ತೈದು ವರ್ಷಗಳ ಹಿಂದೆ ಕೇಳಿದ ದನಿ ಗಾಳಿಯಲ್ಲಿ ಗಾಳಿಯಾಗಿ ಹೋಯಿತು. ಉಳಿದದ್ದು ಬಾಯಿಂದ ಬಾಯಿಗೆ ಬಂದ ಪದ, ಮೇಳದಿಂದ ಮೇಳಕ್ಕೆ ಬೇರೆಯಾದ ಧಾಟಿ.

ಹಾಗಾದರೆ ‘ಮೂಲ’ ಎಂದು ಹಿರಿಯರು ತಿಳಿದಿರುವುದು ಯಾವುದನ್ನು? ಬಹಳ ಮಂದಿಯ ಕಿವಿಯಲ್ಲಿರುವುದು ಸಿ. ಅಶ್ವತ್ಥ್ ಅವರ ಸಂಗೀತ. ಅವರು ಸಂಗೀತ ನೀಡಿದ, ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ 1990ರ ಚಿತ್ರ. ಆ ಹಾಡುಗಳು ಊರೂರಿನ ಚಹಾದಂಗಡಿ, ಜಾತ್ರೆ, ಮದುವೆಗಳಲ್ಲಿ ಮೊಳಗಿದವು. ಅಶ್ವತ್ಥ್ ಅವರ ಪ್ರತಿಭೆ ದೊಡ್ಡದು, ಸಂದೇಹವಿಲ್ಲ. ಆದರೆ ಅದೂ ಸ್ಟುಡಿಯೋದಲ್ಲಿ, ವಾದ್ಯವೃಂದ ಇಟ್ಟುಕೊಂಡು ಮಾಡಿದ್ದೇ. ತಂದೆ ಮಗನ ಆಲ್ಬಂ ಅನ್ನು ಅಳೆಯುತ್ತಿರುವುದು 1990ರ ಅಳತೆಗೋಲಿನಿಂದ, ಶರೀಫರ ಅಳತೆಗೋಲಿನಿಂದ ಅಲ್ಲ. ಆದ್ದರಿಂದ ‘ಮೂಲದಂತಿಲ್ಲ’ ಎಂಬ ಆಕ್ಷೇಪ ಪರೀಕ್ಷೆಯ ಮೊದಲ ಹಂತದಲ್ಲೇ ಬಿದ್ದುಹೋಗುತ್ತದೆ.

ಮಗನ ಪಕ್ಷದ ವಾದವೂ ಹೀಗೆಯೇ ಬೀಳುತ್ತದೆ. ‘ಲಂಡನ್ನಿನವರೇ ಮೆಚ್ಚಿದ್ದಾರೆ’ ಎಂಬುದು ಆ ವಾದ. ನಿಜ, 2010ರಲ್ಲಿ ದೀಕ್ಷಿತ್ ಬಿಬಿಸಿ ದೂರದರ್ಶನದ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದರು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ ಬಂದಿತು. ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡುವ ಕನ್ನಡಿಗನನ್ನು ಅಲ್ಲಿನ ಜನ ಕುಣಿಯುತ್ತ ಕೇಳಿದರು. ಆದರೆ ಅವರಿಗೆ ಕನ್ನಡ ಬಾರದು. ಅವರು ಮೆಚ್ಚಿದ್ದು ದನಿಯನ್ನು, ಲಯವನ್ನು, ಲುಂಗಿಯನ್ನು. ಪದ ಉಳಿದಿದೆಯೆ ಎಂಬ ಪ್ರಶ್ನೆಗೆ ಅವರು ಸಾಕ್ಷಿಯಾಗಲಾರರು. ಸ್ವಾರಸ್ಯವೆಂದರೆ, ಹಿರಿಯನೂ ಒಳ್ಳೆಯ ಸಾಕ್ಷಿಯಲ್ಲ! ಅವನಿಗೆ ಪದ ಬಾಯಿಪಾಠ. ಹಾಡುಗಾರ ನುಂಗಿದ ಅಕ್ಷರವನ್ನೂ ಅವನ ಮನಸ್ಸು ತುಂಬಿಕೊಂಡು ಕೇಳುತ್ತದೆ. ಹಾಗಾದರೆ ಯೋಗ್ಯ ಸಾಕ್ಷಿ ಯಾರು? ಕನ್ನಡ ಬಲ್ಲ, ಆದರೆ ಈ ಪದವನ್ನು ಎಂದೂ ಕೇಳದ ಮಗು. ಅಂಥ ಮಕ್ಕಳು ಈಗ ಹಳ್ಳಿಯಲ್ಲೂ ಸಿಗುತ್ತಾರೆ. ಸಂಶಯಪಡುವ ಹಿರಿಯರ ಚಿಂತೆಗೆ ನಿಜವಾದ ಕಾರಣವೂ ಅದೇ.

ಪರೀಕ್ಷೆ ಸರಳ. ಮಗುವಿಗೆ ಹಾಡನ್ನು ಎರಡು ಸಲ ಕೇಳಿಸಿ, ಕಿವಿಗೆ ಬಿದ್ದ ಮಾತನ್ನು ಬರೆಸಿರಿ. ಇನ್ನೊಂದು ಮಗುವಿಗೆ ಅದೇ ಪದವನ್ನು ಭಜನೆಯವರ ಬಾಯಲ್ಲಿ ಕೇಳಿಸಿ ಬರೆಸಿರಿ. ತಪ್ಪುಗಳನ್ನು ಎಣಿಸಿರಿ. ಆದಷ್ಟು ಮಟ್ಟಿಗೆ ಐದಾರು ಮಕ್ಕಳಾದರೂ ಬೇಕು, ಒಂದು ಮಗುವಿನಿಂದ ಏನೂ ತಿಳಿಯದು. ಮೊಬೈಲ್ ಫೋನಿನ ಪುಟ್ಟ ಸ್ಪೀಕರಿನಲ್ಲಿ ಒಂದನ್ನು, ದೊಡ್ಡ ಪೆಟ್ಟಿಗೆಯಲ್ಲಿ ಇನ್ನೊಂದನ್ನು ಕೇಳಿಸಬಾರದು.

ತಪ್ಪು ಎಲ್ಲಿ ಬೀಳುತ್ತದೆಂದು ಶಬ್ದಶಾಸ್ತ್ರದಿಂದ ಮೊದಲೇ ಊಹಿಸಬಹುದು. ಮಾತಿನಲ್ಲಿ ಸ್ವರಾಕ್ಷರಗಳು ಬಲಶಾಲಿಗಳು. ಅವುಗಳ ಶಕ್ತಿಯ ಬಹುಭಾಗ ಕಡಿಮೆ ಆವರ್ತನದಲ್ಲಿದೆ. ತ, ಟ, ಸ, ಚ ಮುಂತಾದ ವ್ಯಂಜನಗಳು ದುರ್ಬಲ. ಅವುಗಳ ಗುರುತು ಇರುವುದು ಸುಮಾರು 2,000ದಿಂದ 8,000 ಹರ್ಟ್ಝ್‌ಗಳ ನಡುವೆ. ಡ್ರಮ್ಸಿನ ಕಂಚಿನ ತಟ್ಟೆಗಳೂ ಕರ್ಕಶಗೊಳಿಸಿದ ವಿದ್ಯುತ್ ಗಿಟಾರೂ ಸದ್ದು ಚೆಲ್ಲುವುದು ಇದೇ ಜಾಗದಲ್ಲಿ. ಜೋರಾದ ಶಬ್ದ ತನ್ನ ನೆರೆಯ ಸಣ್ಣ ಶಬ್ದವನ್ನು ಕಿವಿಯಲ್ಲಿ ಮುಚ್ಚಿಹಾಕುತ್ತದೆ. ಜಾತ್ರೆಯ ಗದ್ದಲದಲ್ಲಿ ‘ಬಾ’ ಎಂದರೋ ‘ಕಾ’ ಎಂದರೋ ತಿಳಿಯದಿದ್ದರೂ ‘ಆ’ ಕೇಳಿಸುತ್ತದಲ್ಲ, ಹಾಗೆ. ಏಕತಾರಿಗೆ ಒಂದೇ ತಂತಿ, ಒಂದೇ ಶ್ರುತಿ. ದಮಡಿಯ ಪೆಟ್ಟು ಬಿದ್ದು ಕೂಡಲೇ ಸುಮ್ಮನಾಗುತ್ತದೆ. ಆ ಸುಮ್ಮನಿರುವ ಸಂದಿಯಲ್ಲಿ ಪದ ಬಂದು ಕೂಡುತ್ತದೆ. ತತ್ವಪದದ ವಾದ್ಯಗಳು ಬಡತನದಿಂದ ಹಾಗಿವೆ ಎಂದು ತಿಳಿದವರಿದ್ದಾರೆ. ಪದಕ್ಕೆ ಜಾಗ ಬಿಡುವ ಜಾಣತನವೂ ಅದರಲ್ಲಿದೆ.

ಪದ ಕೇಳಿಸಿತು ಎಂದಿಟ್ಟುಕೊಳ್ಳಿ. ಅರ್ಥವಾಯಿತೆ? ಇಲ್ಲಿ ಇನ್ನೊಂದು ತೊಡಕು. ಮೈಸೂರು, ಬೆಂಗಳೂರು ಕಡೆ ‘ಮಾಳಿಗೆ’ ಎಂದರೆ ಮಹಡಿ. ಅಲ್ಲಿನ ಮಗು ಈ ಹಾಡು ಕೇಳಿದರೆ ಮೇಲಂತಸ್ತಿನಲ್ಲಿ ನಲ್ಲಿ ಸೋರುತ್ತಿರುವಂತೆ ಚಿತ್ರಿಸಿಕೊಂಡರೆ ಆಶ್ಚರ್ಯವಿಲ್ಲ. ಯಲಬುರ್ಗಾ, ಕುಷ್ಟಗಿ ಕಡೆ ‘ಮಾಳಿಗಿ’ ಎಂದರೆ ಮಣ್ಣಿನ ಚಾವಣಿ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆಯ ತುಂಡು, ಸೊಪ್ಪುಸದೆ, ಎಲ್ಲಕ್ಕೂ ಮೇಲೆ ಒಂದು ಅಡಿಯಷ್ಟು ಮಣ್ಣು, ನಡುವೆ ಬೆಳಕಿಗೊಂದು ಕಿಂಡಿ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಒಣ ನಾಡಿಗೆ, ಬೇಸಿಗೆಯ ಬಿಸಿಲಿಗೆ, ಇದಕ್ಕಿಂತ ತಂಪಾದ ಸೂರು ಇಲ್ಲ. ಈಗ ಎಲ್ಲೆಡೆ ಸಿಮೆಂಟಿನ ಚಾವಣಿ ಬರುತ್ತಿದೆ, ಆದರೂ ಹಳೆಯ ಓಣಿಗಳಲ್ಲಿ ಮಣ್ಣಿನ ಮಾಳಿಗೆಗಳು ಇನ್ನೂ ಇವೆ.

ಈ ಮಾಳಿಗೆ ಸೋರದಂತೆ ನೋಡಿಕೊಳ್ಳುವುದು ವರ್ಷವರ್ಷದ ಕೆಲಸ. ಮಳೆಗಾಲಕ್ಕೆ ಮುಂಚೆ ಸವುಳು ಮಣ್ಣು ತಂದು ಮೇಲೆ ಹರಡುತ್ತಾರೆ. ಬೇರೆ ಮಣ್ಣು ಆಗದು, ಸವುಳೇ ಬೇಕು. ಯಾಕೆ? ಸವುಳು ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ತಾಗಿದಾಗ ಸೋಡಿಯಂ ಹಿಡಿದ ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡಿರದೆ ಬಿಡಿಬಿಡಿಯಾಗಿ ಚೆದುರಿ, ಮಣ್ಣಿನ ಸಣ್ಣ ರಂಧ್ರಗಳನ್ನೆಲ್ಲ ತುಂಬಿ ಮುಚ್ಚಿಬಿಡುತ್ತವೆ. ಮೇಲಿನ ನೀರು ಒಳಗಿಳಿಯದೆ ಹರಿದುಹೋಗುತ್ತದೆ. ಹೊಲದಲ್ಲಿ ಇದೇ ಗುಣ ಶಾಪ. ತುಂಗಭದ್ರಾ ಕಾಲುವೆಯ ನೀರು ಕಂಡ ಗಂಗಾವತಿ ಸೀಮೆಯಲ್ಲಿ ಸವುಳಾದ ಭೂಮಿಯನ್ನು ಸರಿಪಡಿಸುವುದಕ್ಕೆಂದೇ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಗಳು ದುಡಿಯುತ್ತಿದ್ದಾರೆ. ಗಂಗಾವತಿಯ ಗದ್ದೆಗೆ ವಿಷವಾದದ್ದು ಯಲಬುರ್ಗಾದ ಮಾಳಿಗೆಗೆ ಮದ್ದು!

ಒಂದು ವರ್ಷ ಉದಾಸೀನ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಸಣ್ಣ ಲೆಕ್ಕ. ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಕೋಣೆಯ ಮೇಲೆ ಮೂವತ್ತು ಸೆಂಟಿಮೀಟರ್ ಮಣ್ಣು ಇದ್ದರೆ ಅದು ಆರು ಘನಮೀಟರ್. ಘನಮೀಟರಿಗೆ 1.6 ಟನ್ನಿನಂತೆ ಒಂಬತ್ತೂವರೆ ಟನ್ನಿಗೂ ಮೇಲೆ. ಬಿರುಕಿನಲ್ಲಿ ನೀರಿಳಿದು ಮಣ್ಣಿನ ಕಾಲು ಭಾಗದಷ್ಟು ಜಾಗವನ್ನು ತುಂಬಿದರೆ ಇನ್ನೂ ಒಂದೂವರೆ ಟನ್. ಅಷ್ಟು ಹೊತ್ತಿಗೆ ತೊಲೆ ನೆನೆದು ಮೆತ್ತಗಾಗಿರುತ್ತದೆ. ಆಲ್ಬಂ ಬಂದ ಮರುವರ್ಷ, 2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಉತ್ತರ ಕರ್ನಾಟಕದಲ್ಲಿ ಬಿದ್ದ ಆ ಮಹಾಮಳೆಯನ್ನು ಕೊಪ್ಪಳ ಜಿಲ್ಲೆಯವರು ಮರೆತಿಲ್ಲ. ಮಣ್ಣಿನ ಮನೆಗಳು ರಾತ್ರೋರಾತ್ರಿ ಕುಸಿದವು. ಮಾಳಿಗೆ ಸೋರುವ ಸದ್ದು ಕೇಳಿ ಮಕ್ಕಳನ್ನು ಎತ್ತಿಕೊಂಡು ಹೊರಗೆ ಓಡಿದವರಿಗೆ ಶರೀಫರ ಪದ ಬರೀ ರೂಪಕವಾಗಿ ಉಳಿಯಲು ಸಾಧ್ಯವಿಲ್ಲ. ಮನೆ ಎಂದರೆ ದೇಹ, ಮಾಳಿಗೆ ಎಂದರೆ ಬುದ್ಧಿ ಎಂದು ಪಂಡಿತರು ಅರ್ಥ ಬಿಡಿಸುತ್ತಾರೆ. ಅದು ಸರಿಯೇ. ಆದರೆ ಮೊದಲು ಮಾಳಿಗೆ ಮಾಳಿಗೆಯಾಗಿಯೇ ಸೋರಬೇಕು; ಆಮೇಲೆ ಉಳಿದದ್ದು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಆಲ್ಬಂನ ಮಾಳಿಗೆಯ ಹಾಡಿಗೆ ಕಿವಿಕೊಟ್ಟರೆ ಸಂಶಯದ ಕೇಳುಗನಿಗೆ ಒಂದು ಅನಿರೀಕ್ಷಿತ ಕಾದಿರುತ್ತದೆ. ಹಾಡು ನಿಧಾನ. ಅಬ್ಬರ ಮಾಡುವ ಅವಕಾಶವಿದ್ದರೂ ದನಿಯನ್ನೇ ಮುಂದಿಟ್ಟಿದ್ದಾರೆ. ಮೈಸೂರಿನಲ್ಲಿ ಬೆಳೆದ ಗಾಯಕರು ‘ಮನೆ’, ‘ಮಾಳಿಗೆ’ ಎಂದು ತಿದ್ದಿಕೊಳ್ಳದೆ ‘ಮನಿ’, ‘ಮಾಳಿಗಿ’ ಎಂದೇ ಉಳಿಸಿಕೊಂಡಿದ್ದಾರೆ. ಇದು ಸಣ್ಣ ಸಂಗತಿಯಲ್ಲ. ಶಾಲೆಯ ಕನ್ನಡಕ್ಕೆ ಹೆದರಿ ಮನೆಯ ಮಾತನ್ನು ನುಂಗುವ ಕುಷ್ಟಗಿಯ ಹುಡುಗನಿಗೆ, ತನ್ನ ಅಜ್ಜಿಯ ಉಚ್ಚಾರ ಗಿಟಾರಿನ ಜೊತೆ ಕೇಳಿಬಂದಾಗ ಏನೆನ್ನಿಸಬಹುದು! ದನಿಯಲ್ಲಿ ದುಗುಡವಿದೆ, ಅವಸರವಿಲ್ಲ. ಹನಿ ಬೀಳುವುದನ್ನು ಕತ್ತಲಲ್ಲಿ ಕುಳಿತು ಕೇಳುವವನ ಮನಃಸ್ಥಿತಿಗೆ ಇದು ಹತ್ತಿರ. ಅಶ್ವತ್ಥ್ ಅವರ ಎತ್ತರದ ದನಿಯಲ್ಲಿ ಈ ಪದ ಊರಿಗೇ ಎಚ್ಚರಿಕೆ ಕೊಟ್ಟಂತೆ ಕೇಳುತ್ತದೆ; ಇಲ್ಲಿ ಒಬ್ಬನೇ ತನಗೆ ತಾನು ಹೇಳಿಕೊಂಡಂತೆ. ಎರಡೂ ಪದದೊಳಗೆ ಇದ್ದವೇ. ತಂದೆ ಇದನ್ನು ಒಪ್ಪದಿದ್ದರೆ, ಅದು ಸಂಶಯ ಎನ್ನುವುದಕ್ಕಿಂತ ಹಟ.

ಗುಡುಗುಡಿಯ ವಿಷಯದಲ್ಲಿ ತಂದೆಯ ಮಾತೇ ನಿಲ್ಲುತ್ತದೆ. ಆ ಪದದ ಕಟ್ಟಡವೇ ಬೇರೆ. ಗುಡುಗುಡಿಯ ಒಂದೊಂದು ಭಾಗವನ್ನೂ ಮನಸ್ಸಿನ, ಸಾಧನೆಯ ಒಂದೊಂದು ಸಂಗತಿಗೆ ಹೋಲಿಸುತ್ತ ಹೋಗುವ ಪದ ಅದು. ಯಂತ್ರದ ಬಿಡಿಭಾಗಗಳಂತೆ ಒಂದು ಮಾತು ಕಳಚಿದರೆ ಉಳಿದದ್ದು ನಡೆಯುವುದಿಲ್ಲ. ಅದನ್ನು ಚುರುಕು ಲಯಕ್ಕೆ ಹೂಡಿ, ಪಲ್ಲವಿಯನ್ನು ಮತ್ತೆ ಮತ್ತೆ ಎತ್ತಿ ಹಾಡಿದಾಗ ಕುಣಿಯಲಿಕ್ಕೆ ಬಹಳ ಚೆಂದ. ಆದರೆ ಮೊದಲ ಸಲ ಕೇಳುವ ಮಗುವಿನ ಕೈಗೆ ಸಿಗುವುದು ಪಲ್ಲವಿ ಮಾತ್ರ, ಅಂದರೆ ಸೇದಿ ನೋಡು ಎಂಬ ಆಮಂತ್ರಣ! ಶರೀಫರು ಹೇಳಿದ್ದು ಹೊಗೆಯ ಮಾತಲ್ಲ ಎಂದು ತಿಳಿಯಬೇಕಾದರೆ ಉಳಿದ ನುಡಿಗಳು ಬಿಡಿಸಿ ಕೇಳಿಸಬೇಕು. ಕೇಳಿಸದು ಎಂಬುದೇ ದೂರು.

ಗುಡುಗುಡಿಯನ್ನು ಕಂಡ ಮಕ್ಕಳೂ ಈಗ ಕಡಿಮೆ, ಅದು ಒಳ್ಳೆಯದೇ. ಮೇಲೆ ಚಿಲುಮೆಯಲ್ಲಿ ಕೆಂಡ, ತಂಬಾಕು. ಕೆಳಗೆ ಬುರುಡೆಯಲ್ಲಿ ನೀರು. ನಳಿಗೆಯಿಂದ ಸೆಳೆದಾಗ ನೀರಿನ ಮೇಲಿನ ಗಾಳಿಯ ಒತ್ತಡ ಕಡಿಮೆಯಾಗಿ, ಹೊಗೆ ನೀರಿನೊಳಗಿಂದ ಗುಳ್ಳೆಗಳಾಗಿ ಏಳುತ್ತದೆ. ಗುಳ್ಳೆ ಒಡೆಯುವ ಸದ್ದೇ ಅದಕ್ಕೆ ಹೆಸರು ಕೊಟ್ಟಿತು. ನೀರು ಹೊಗೆಯನ್ನು ತಂಪು ಮಾಡುತ್ತದೆ, ಶುದ್ಧ ಮಾಡುವುದಿಲ್ಲ. ನಿಕೋಟಿನ್ನೂ ಇಂಗಾಲದ ಮಾನಾಕ್ಸೈಡೂ ದಾಟಿಯೇ ಬರುತ್ತವೆ. ನಗರಗಳಲ್ಲಿ ಹುಕ್ಕಾ ಎಂಬ ಹೆಸರಿನಲ್ಲಿ ಅದು ಕಾಲೇಜು ಹುಡುಗರ ನಡುವೆ ಮರಳಿ ಬಂದದ್ದರಿಂದ ಕರ್ನಾಟಕ ಸರಕಾರ 2024ರ ಫೆಬ್ರವರಿಯಲ್ಲಿ ಅದರ ಮಾರಾಟ, ಸೇವನೆಯನ್ನು ನಿಷೇಧಿಸಿತು. ಹಾಡಿನಿಂದ ಯಾರೂ ಹುಕ್ಕಾ ಹಿಡಿದರು ಎನ್ನಲಾಗದು. ಪದದ ಅರ್ಥ ಕೇಳಿಸದಿದ್ದರೆ ಶರೀಫರು ಹುಕ್ಕಾದ ಜಾಹೀರಾತುದಾರರಂತೆ ಕಂಡಾರು ಎಂಬುದಷ್ಟೇ ಆತಂಕ.

ಅಂತೂ ಎರಡು ಪದಗಳಲ್ಲಿ ಒಂದು ಗೆದ್ದಿದೆ, ಒಂದು ಸೋತಿದೆ. ಆಲ್ಬಂನ ಹಿಂದಿ, ಇಂಗ್ಲಿಷ್ ಹಾಡುಗಳ ಬಗ್ಗೆ ಇಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಅವು ಕೇಳಲಿಕ್ಕೆ ಹಿತವಾಗಿವೆ. ಅವುಗಳ ಬಗ್ಗೆ ಮನೆಗಳಲ್ಲಿ ಜಗಳವೂ ಆಗುವುದಿಲ್ಲ.

2013ರಲ್ಲಿ ಬಂದ ದೀಕ್ಷಿತ್ ಅವರ ಎರಡನೆಯ ಆಲ್ಬಂ ‘ಜಗ್ ಚಂಗಾ’ದಲ್ಲಿಯೂ ಶರೀಫರು ಇದ್ದಾರೆ. ‘ಲೋಕದ ಕಾಳಜಿ’ ಇದೆ, ‘ಕೋಡಗನ ಕೋಳಿ ನುಂಗಿತ್ತಾ’ ಇದೆ. ಈ ಎರಡನೆಯದು ಮಕ್ಕಳ ಮೇಲಿನ ಪರೀಕ್ಷೆಗೆ ಹೇಳಿಮಾಡಿಸಿದಂಥದು, ಯಾಕೆಂದರೆ ಪದ ಸರಿಯಾಗಿ ಕೇಳಿಸಿದರೆ ಮಗು ನಕ್ಕೇ ನಗುತ್ತದೆ. ಆದರೆ ಬರೆಸುವ ಮೊದಲು ಕೋಡಗ ಎಂದರೇನು ಎಂದು ಕೇಳಿಕೊಳ್ಳಬೇಕು. ಆನೆಗುಂದಿಯ ಬೆಟ್ಟದಲ್ಲಿ ತಿಂಡಿಯ ಚೀಲ ಕಿತ್ತುಕೊಳ್ಳುವ ಹಿಂಡುಗಳನ್ನು ನೋಡುತ್ತ ಬೆಳೆದ ಗಂಗಾವತಿಯ ಮಕ್ಕಳು ಕೂಡ ಅದನ್ನು ಮಂಗ್ಯಾ ಎಂದೇ ಕರೆಯುತ್ತಾರೆ.